ಎರೆ ನೆಲದ ಖೊಖೊ

ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಎಸ್.ಟಿ. ಬಸ್ಸಿಳಿದ ಜನ ವಟವೃಕ್ಷ ದೇವಸ್ಥಾನದ ಕಡೆ ಹೊರಳುತ್ತಾರೆ. ನೀವು ಹೊರಳಬೇಡಿ. ಅಗೋ, ಕ್ರೂಸರ್‌ನಿಂದ ಹುಡುಗಿಯರ ದಂಡೊಂದು ಇಳಿಯುತ್ತಿದೆ: ಹೆಗಲಿಗೆ ಚೀಲ, ಕಾಲಿಗೆ ಹವಾಯಿ ಚಪ್ಪಲಿ, ಬೆನ್ನಿಗೆ ಪಿನ್ನು ಹಾಕಿದ ನಂಬರು. ಅವರ ಹಿಂದೆ ನಡೆಯಿರಿ. ಇವತ್ತು ತಾಲ್ಲೂಕು ಮಟ್ಟದ ಶಾಲಾ ಪಂದ್ಯ.

ಮೈದಾನಕ್ಕೆ ಕಾಲಿಟ್ಟೊಡನೆ ಚಪ್ಪಲಿ ಭಾರವಾಗುತ್ತದೆ. ಎರೆ ನೆಲ. ಮೊನ್ನೆಯ ಮಳೆ ಮೇಲೆ ಆರಿದೆ, ಒಳಗೆ ಆರಿಲ್ಲ. ಶಾಲಾ ಕ್ರೀಡೆಯ ಹಂಗಾಮು ಬರುವುದೇ ಮಳೆಗಾಲದಲ್ಲಿ, ಹೊಲದಲ್ಲಿ ಉದ್ದು, ತೊಗರಿ ನಿಂತಿರುವಾಗ. ಈ ವೇಳಾಪಟ್ಟಿ ಯಾರು ಮಾಡಿದರೋ, ಎರೆ ನೆಲದವರಂತೂ ಮಾಡಿಲ್ಲ.

ಆತಿಥೇಯ ಶಾಲೆಯ ಪಿ.ಟಿ. ಸರ್ ಬೆಳಗಿನಿಂದ ಪ್ಯಾಂಟು ಮಡಚಿಕೊಂಡೇ ಇದ್ದಾರೆ. ಟ್ರ್ಯಾಕ್ಟರಿನಲ್ಲಿ ಗರಸು ಬಂದು ಬಿದ್ದಿದೆ; ಒಂಬತ್ತನೇ ತರಗತಿಯ ಹುಡುಗರು ಬುಟ್ಟಿಯಲ್ಲಿ ಹೊತ್ತು ಅಂಗಳದ ಮೇಲೆ ಹರಡುತ್ತಿದ್ದಾರೆ. ತಳಕ್ಕೆ ತೂತು ಹೊಡೆದ ಡಬ್ಬಿ ಹಿಡಿದು ಪಿ.ಟಿ. ಸರ್ ಹಗ್ಗದ ಗುಂಟ ಸುಣ್ಣ ಉದುರಿಸುತ್ತಾ ಹೋಗುತ್ತಾರೆ. ಹಸಿ ಮಣ್ಣು ಸುಣ್ಣವನ್ನು ಕುಡಿಯುತ್ತದೆ; ಇನ್ನೊಂದು ಸಲ ಎಳೆಯಬೇಕು. ನೀರಿನ ಟ್ಯಾಂಕರು ಬಂತೇ, ಅಂಪೈರ್‌ಗಳ ಊಟ ಎಲ್ಲಿ, ಉದ್ಘಾಟನೆಯ ಕಾಯಿ ಯಾರ ಕೈಯಲ್ಲಿದೆ? ಪ್ರಶ್ನೆಗಳೆಲ್ಲ ಅವರೊಬ್ಬರಿಗೇ.

ದುಧನಿ, ಮೈಂದರ್ಗಿ, ನಾಗಣಸೂರ, ತಡವಳ, ಕರಜಗಿ: ಊರೂರ ಮಕ್ಕಳು ಬೇವಿನ ನೆರಳಿಗೆ ಒಂದೊಂದು ಗುಂಪಾಗಿ ಕೂತಿದ್ದಾರೆ. ಮೈಕಿನಲ್ಲಿ ಮರಾಠಿ. ನೆರಳಿನಲ್ಲಿ ಮಾತ್ರ, "ನಮ್ದು ಎಷ್ಟನೇ ಪಾಳಿ ರೀ ಸರ್?" "ಕೂಡ್ರಲೇ, ಕರೀತಾರ."

ಹದಿನಾಲ್ಕರ ಒಳಗಿನ ಹುಡುಗಿಯರ ಖೊಖೊ. ಗೆರೆಗೆ ಹತ್ತಿರ ಬನ್ನಿ. ಜಿಲ್ಲಾ ಪರಿಷತ್ ಕನ್ನಡ ಶಾಲೆಯ ಎಂಟು ಮಂದಿ ಒಬ್ಬಳು ಈ ಕಡೆ, ಒಬ್ಬಳು ಆ ಕಡೆ ಮುಖ ಮಾಡಿ ಕೂತಿದ್ದಾರೆ. ಅದು ಕೂರುವುದಲ್ಲ, ಬೆರಳ ತುದಿ ನೆಲಕ್ಕೆ ಊರಿ, ಹಿಮ್ಮಡಿ ಎತ್ತಿ, ಚಿಮ್ಮಲು ತಯಾರಾಗಿರುವುದು. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಎದುರಾಳಿಗಳು ಮೂವರು ಒಳಗೆ. ಇಬ್ಬರು ಸಲೀಸಾಗಿ ಔಟಾದರು. ಮೂರನೆಯವಳು ಎಣ್ಣೆ ಹಚ್ಚಿದ ಎರಡು ಜಡೆಯವಳು, ಕೂತವರ ನಡುವೆ ಒಂದು ಬಿಟ್ಟು ಒಂದು ಸಂದಿಯಲ್ಲಿ ನುಸುಳುತ್ತಾಳೆ. ಬೆನ್ನಟ್ಟುವವಳಿಗೆ ನಡುಗೆರೆ ದಾಟುವ ಹಕ್ಕಿಲ್ಲ, ತಿರುಗಿ ಬರುವ ಹಕ್ಕೂ ಇಲ್ಲ. ಕೂತವಳ ಬೆನ್ನು ಮುಟ್ಟಿ ಖೋ ಎನ್ನಬೇಕು, ಇಲ್ಲವೇ ಕಂಬದವರೆಗೆ ಓಡಬೇಕು.

"ಕಂಬಕ್ಕ ತಗೊಂಡ್ ಹೋಗ! ಕಂಬಕ್ಕ!" ಹೊರಗಿನಿಂದ ಬಾಯಿಯವರ ಕೂಗು. ಬಾಯಿ ಎಂದರೆ ಇಲ್ಲಿ ಟೀಚರಮ್ಮ.

ಖೋ. ಖೋ. ಕೊನೆಯವಳು ಎದ್ದಳು, ಎಡಗೈಯಲ್ಲಿ ಕಂಬ ಹಿಡಿದು ಮೈಯನ್ನು ಪೂರಾ ಗಾಳಿಗೆ ಬಿಟ್ಟಳು, ಬಲಗೈ ಚಾಚಿತು, ಜಡೆಯವಳ ಸೊಂಟಕ್ಕೆ ಬೆರಳು ತಾಗಿತು. ಸೀಟಿ. ಬಿದ್ದವಳ ಮೊಣಕೈಗೆ ಕಪ್ಪು ಮಣ್ಣು, ಅದರೊಳಗೆ ಗರಸಿನ ಹರಳು. ಬಾಯಿಯವರು ಬಾಟಲಿ ನೀರು ಹೊಯ್ದು ಸೆರಗಿನಿಂದ ಒರೆಸುತ್ತಾರೆ. "ಉರಿತೈತೇನ?" "ಇಲ್ಲ ಬಾಯಿ." ಉರಿಯುತ್ತಿದೆ, ಮುಖ ನೋಡಿದರೆ ತಿಳಿಯುತ್ತದೆ.

ಈ ಆಟಕ್ಕೆ ಲಿಖಿತ ನಿಯಮ ಬಂದದ್ದು 1914ರ ಸುಮಾರಿಗೆ, ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ. 1919ರಲ್ಲಿ ಅದೇ ಜಿಮಖಾನಾದ ಓಟದ ಪಂದ್ಯದಲ್ಲಿ ಬರಿಗಾಲಲ್ಲಿ ಓಡಿದ ರೈತರ ಮಕ್ಕಳನ್ನು ನೋಡಿ ದೊರಾಬ್ಜಿ ಟಾಟಾ ಇವರನ್ನು ಒಲಿಂಪಿಕ್ಸ್‌ಗೆ ಏಕೆ ಕಳಿಸಬಾರದು ಎಂದು ಯೋಚಿಸಿದರು. 1920ರಲ್ಲಿ ಆಂಟ್‌ವರ್ಪ್‌ಗೆ ಹೋದ ಆರು ಮಂದಿಯಲ್ಲಿ ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆಯೂ ಒಬ್ಬರು. ಮ್ಯಾರಥಾನ್‌ನಲ್ಲಿ 19ನೆಯವರಾಗಿ ಬಂದರು. ಗಡಿಭಾಗದ ಶಾಲೆಗಳಲ್ಲಿ ಈ ಹೆಸರು ಹೇಳುವವರು ಕಡಿಮೆ. ಹೇಳಬೇಕು ಎನ್ನುವುದು ನನ್ನ ಹಟ.

ಶಾಲಾ ಕ್ರೀಡೆಗಳ ರಾಷ್ಟ್ರೀಯ ಫೆಡರೇಷನ್ ಹುಟ್ಟಿದ್ದು 1954ರಲ್ಲಿ. ಮೆಟ್ಟಿಲುಗಳು ಗಟ್ಟಿ: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ರಾಷ್ಟ್ರ. ಇವತ್ತು ಗೆದ್ದವರು 40 ಕಿಲೋಮೀಟರು ದೂರದ ಸೊಲ್ಲಾಪುರಕ್ಕೆ, ಅಲ್ಲಿ ಗೆದ್ದರೆ ಪುಣೆ ವಿಭಾಗಕ್ಕೆ. ಆ ದಾರಿಯ ತುದಿಗೆ ಬಾಲೇವಾಡಿಯ ಸ್ಟೇಡಿಯಂ, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ್ದು. ಈ ದಾರಿ ಬೇರೆಯೂ ಆಗಬಹುದಿತ್ತು: ಗಡಿ ವಿವಾದದ ಕುರಿತ 1967ರ ಮಹಾಜನ ವರದಿ ಮಹಾರಾಷ್ಟ್ರದ ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಿ ಎಂದಿತ್ತು. ಆ ವರದಿ ಜಾರಿಯಾಗಿದ್ದರೆ ಮೊಣಕೈ ತರಚಿದ ಈ ಹುಡುಗಿ ಬಹುಶಃ ಕಲಬುರಗಿ ವಿಭಾಗದ ಅಂಗಿ ತೊಟ್ಟು ಬೆಂಗಳೂರಿನ ಕಂಠೀರವದ ಕನಸು ಕಾಣುತ್ತಿದ್ದಳು; ಅಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು 1997ರಲ್ಲಿ. ಅವಳಿಗೆ ಅದರ ಗೊಡವೆ ಇಲ್ಲ. ಡಬ್ಬಿ ಬಿಚ್ಚಿ ಕಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಒತ್ತುತ್ತಿದ್ದಾಳೆ.

ಅದೇ ರಾಷ್ಟ್ರೀಯ ಕ್ರೀಡಾಕೂಟದ ಇನ್ನೊಂದು ಲೆಕ್ಕ ಹೇಳುತ್ತೇನೆ. 1987ರಲ್ಲಿ ಕೇರಳ, 1994ರಲ್ಲಿ ಮಹಾರಾಷ್ಟ್ರ, 1997ರಲ್ಲಿ ಕರ್ನಾಟಕ, 1999ರಲ್ಲಿ ಮಣಿಪುರ: ಕೂಟ ನಡೆಸಿದ ರಾಜ್ಯವೇ ಪದಕಪಟ್ಟಿಯ ಮೇಲೆ ಕೂತಿತು. ಪಂಜಾಬು, ಆಂಧ್ರಗಳದೂ ಅದೇ ಕತೆ. 2007ರಲ್ಲಿ ಗುವಾಹಟಿಯಲ್ಲಿ ಸೇನೆಯ ಸರ್ವಿಸಸ್ ತಂಡ ಆ ಸರಪಳಿ ಮುರಿಯಿತು. ಅಂಗಳ ಯಾರದೋ ಅವರಿಗೆ ಒಂದು ಹಿಡಿ ಹೆಚ್ಚು. ತಾಲ್ಲೂಕಿಗೂ ಈ ಮಾತು ಸಲ್ಲುತ್ತದೆ. ಸೊಲ್ಲಾಪುರಕ್ಕೆ ಹೋದರೆ ಕಣ್ಣಾರೆ ಕಾಣುತ್ತದೆ.

ತಾಲ್ಲೂಕು ಗೆದ್ದ ನಮ್ಮ ಹುಡುಗಿಯರ ಜೊತೆ ನಾವೂ ಹೋಗೋಣ. ಕುಮಠಾ ನಾಕಾದ ಕ್ರೀಡಾ ಸಂಕುಲ, ಬೆಳಗಿನ ಒಂಬತ್ತು ಗಂಟೆ. ಬಾರ್ಶಿ, ಕರಮಾಳ, ಸಾಂಗೋಲೆ, ಪಂಢರಪುರ, ಮಾಳಶಿರಸದ ತಂಡಗಳು ಆಗಲೇ ಸುತ್ತು ಹೊಡೆಯುತ್ತಿವೆ. ಮಾಳಶಿರಸ ತಾಲ್ಲೂಕಿನ ವೇಳಾಪುರ ಖೊಖೊಗೆ ಹೆಸರಾದ ಊರು. ಅತ್ತಣ ಮಕ್ಕಳು ದಿನಾ ಸಂಜೆ ಆಡುವವರು. ನಮ್ಮ ಹುಡುಗಿಯರು ಎದುರಾಳಿಗಳ ಕಾಲು ನೋಡುತ್ತಾರೆ. ಎಲ್ಲರ ಕಾಲಲ್ಲೂ ಶೂ. ಇಲ್ಲಿಯ ನೆಲ ಗಟ್ಟಿ, ಕಾಲು ಕಚ್ಚುವುದಿಲ್ಲ, ಹಿಮ್ಮಡಿ ಜಾರುತ್ತದೆ. ಎರೆಯಲ್ಲಿ ಕಲಿತ ತಿರುವು ಇಲ್ಲಿ ಅರ್ಧ ಹೆಜ್ಜೆ ತಡ. ಬಾಯಿಯವರು ಕನ್ನಡದಲ್ಲಿ ಕೂಗುತ್ತಾರೆ; ಪಕ್ಕದ ತಂಡದ ಸರ್ ತಿರುಗಿ ನೋಡಿ ನಗುತ್ತಾರೆ. ಕುಹಕವಲ್ಲ, ಅವರ ಮನೆಮಾತೂ ಕನ್ನಡವೇ ಆಗಿದ್ದರೆ ಆಶ್ಚರ್ಯವಿಲ್ಲ, ಇದು ಸೊಲ್ಲಾಪುರ.

ಪಂದ್ಯ ಹೋಯಿತು. ದೊಡ್ಡ ಅಂತರದಲ್ಲೇ ಹೋಯಿತು. ಕಂಬಕ್ಕೆ ಹಾರುವವಳು ಎರಡು ಸಲ ಹಾರಿದಳು, ಎರಡೂ ಸಲ ಬೆರಳು ಗಾಳಿ ಮುಟ್ಟಿತು. ಜಿಲ್ಲೆಯಲ್ಲಿ 11 ತಾಲ್ಲೂಕು. ಪಂದ್ಯ ಸರದಿಯ ಮೇಲೆ ಅಕ್ಕಲಕೋಟಕ್ಕೂ ಬಂದರೆ, ಶೂ ಹಾಕಿದವರೂ ಒಮ್ಮೆ ಎರೆಯ ಮೇಲೆ ಓಡಿ ನೋಡಿದರೆ ಏನಾಗುತ್ತಿತ್ತು? ಗೆಲ್ಲುತ್ತಿದ್ದೆವು ಎನ್ನಲಾರೆ. ಅಂತರವಂತೂ ಇಷ್ಟಿರುತ್ತಿರಲಿಲ್ಲ.

ಮರಳಿ ಬರುವ ಎಸ್.ಟಿ.ಯಲ್ಲಿ ಹುಡುಗಿಯರು ಆಗಲೇ ಅಂತ್ಯಾಕ್ಷರಿಗೆ ಕೂತಿದ್ದಾರೆ. ಬಾಯಿಯವರು ಮಾತ್ರ ಜನ್ಮ ತಾರೀಖಿನ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಎಣಿಸುತ್ತಿದ್ದಾರೆ: ಬರುವ ವರ್ಷ ನಾಲ್ವರು ಹದಿನಾಲ್ಕರ ಗುಂಪಿನಿಂದ ಹೊರಗೆ, ಶಾಲೆಯಿಂದಲೂ ಹೊರಗೆ. ಮೊಣಕೈಯವಳು ಅವರ ಪಕ್ಕಕ್ಕೆ ಸರಿದು ಕೂರುತ್ತಾಳೆ.

"ಬಾಯಿ, ಹೈಸ್ಕೂಲ್‌ದಾಗ ಖೊಖೊ ಇರ್ತೈತ್ರಿ?"

"ಯಾವ ಹೈಸ್ಕೂಲಿಗೆ ಹಾಕ್ತಾರ ನಿಮ್ಮಪ್ಪ?"

"ಇನ್ನಾ ಹೇಳಿಲ್ರಿ."

"ಮೊದಲ ಅದನ್ನ ಕೇಳಿ ಬಾ. ಆಮೇಲೆ ಅಲ್ಲಿ ಪಿ.ಟಿ. ಸರ್ ಯಾರದಾರ ನಾ ನೋಡ್ತೀನಿ."