ಕಳಸದ ದಾರಿಯಲ್ಲೊಂದು ಸಿನಿಮಾ ಲೆಕ್ಕ

ಕುಂದಗೋಳ ದಾಟಿದರೆ ಎರಿಭೂಮಿ. ಹತ್ತಿ, ಮೆಣಸಿನಕಾಯಿ ಹೊಲಗಳು. ಇದೇ ತಾಲ್ಲೂಕಿನ ಕಳಸ, ಶರೀಫರ ಗುರು ಗೋವಿಂದ ಭಟ್ಟರ ಊರು. ಈ ಗುರು-ಶಿಷ್ಯರ ಕಥೆಯೇ 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರವಾಯಿತು. ಭಟ್ಟರ ಪಾತ್ರ ಗಿರೀಶ ಕಾರ್ನಾಡರದು.

ಒಂದು ಕಾಲಕ್ಕೆ ಕನ್ನಡ ಚಿತ್ರಗಳು ಬಹುಪಾಲು ಮದ್ರಾಸಿನಲ್ಲೇ ತಯಾರಾಗುತ್ತಿದ್ದವು. 1960ರ ದಶಕದಲ್ಲಿ ರಾಜ್ಯ ಸರಕಾರ, ನಮ್ಮ ನೆಲದಲ್ಲಿ ತಯಾರಾದ ಚಿತ್ರಗಳಿಗೆ ಸಹಾಯಧನ ಕೊಡತೊಡಗಿತು. ಉದ್ಯಮ ಮೆಲ್ಲಗೆ ಬೆಂಗಳೂರಿಗೆ ಬಂತು. ಅಲ್ಲಿಂದ ಕಳಸ ಸುಮಾರು 400 ಕಿ.ಮೀ.

ಸಹಾಯಧನ ನಿರ್ಮಾಪಕರದು, ಊರಿಗೆ ದಕ್ಕುವುದು ಚಿತ್ರತಂಡದ ಊಟ, ವಸತಿ, ಗಾಡಿಬಾಡಿಗೆಯ ಹಣ. ದೂರದ ಊರಿಗೆ ಬರುವವರಿಗೆ ನೆರವು ತುಸು ಹೆಚ್ಚಾಗಲಿ. ‘ಸಿನಿಮಾ ಕಲಿಯುವೆ’ ಎನ್ನುವ ಮಗಳಿಗೂ ‘ಹೊಟ್ಟೆಗೇನು?’ ಎನ್ನುವ ಅಪ್ಪನಿಗೂ ಉತ್ತರ ಊರಲ್ಲೇ ಸಿಕ್ಕೀತು.