ಬೇಣ ಬೋಳಾದಾಗ

ಯಲ್ಲಾಪುರ ತಾಲೂಕಿನ ನಂದೊಳ್ಳಿಯಂಥ ಊರುಗಳಲ್ಲಿ ಅಡಿಕೆ ತೋಟ ಕಣಿವೆಯಲ್ಲಿ, ದನ ಮೇಯುವ ಬೇಣ ಗುಡ್ಡದ ಇಳಿಜಾರಿನಲ್ಲಿ. ಶಿರಸಿ, ಸಿದ್ದಾಪುರದಲ್ಲೂ ಹೀಗೆಯೇ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಬೇರೆ. ಅದು 1 ಎಕರೆ ತೋಟಕ್ಕೆ 9 ಎಕರೆವರೆಗೆ ಸಿಕ್ಕ ಬ್ರಿಟಿಷರ ಕಾಲದ ಸವಲತ್ತು. ಬೇಣದ ಬೆಳೆ ಹುಲ್ಲು. ಮಳೆಗಾಲವಿಡೀ ದನ ಬಿಡದೆ ಕಾದರೆ, ಮಳೆ ಮುಗಿದ ಮೇಲೆ ಕರಡ (ಒಣಹುಲ್ಲು) ಕೊಯ್ದು ಬೇಸಿಗೆಗೆ ಕೂಡಿಡಬಹುದು.

ಕಾಯುವವರಿಲ್ಲದ ಬೇಣ ಬೇಗ ಕೆಡುತ್ತದೆ. ದನ ಮೊದಲು ರುಚಿಯ ಹುಲ್ಲನ್ನೇ ಬುಡದವರೆಗೆ ಮೇಯುತ್ತದೆ; ತೆರವಾದ ಜಾಗಕ್ಕೆ ಯುಪಟೋರಿಯಂ, ಲಂಟಾನ ಕಳೆಗಳು ಬರುತ್ತವೆ. ಎಷ್ಟೋ ಬೇಣಗಳಲ್ಲಿ ಅಕೇಶಿಯಾ ಎದ್ದಿತು. ಅದರ ದಪ್ಪ ತರಗೆಲೆಯಡಿ ಹುಲ್ಲು ಏಳುವುದು ಕಷ್ಟ. ಹುಲ್ಲುಗಾವಲನ್ನು ಪಾಳು ಜಾಗವೆಂದು ಎಣಿಸಿ ಅದನ್ನು ನೆಟ್ಟಿದ್ದೇ ದೊಡ್ಡ ತಪ್ಪು.

ಸವೆದ ಬೇಣದಲ್ಲಿ ಬಗ್ಗಿ ನೋಡಿದರೆ, ಉಳಿದ ಒಂದೊಂದು ಹುಲ್ಲಿನ ಬುಡ ಪುಟ್ಟ ದಿಬ್ಬದ ಮೇಲೆ ನಿಂತಿರುತ್ತದೆ. ಸುತ್ತಲಿನ ಮಣ್ಣು ತೊಳೆದು ಜಂಬಿಟ್ಟಿಗೆಯ ಕೆಂಪು ಹರಳು ಮೇಲೆದ್ದಿರುತ್ತದೆ. ಗೊರಸು ತುಳಿದು ಗಟ್ಟಿಯಾದ ನೆಲ ನೀರು ಕುಡಿಯದು.

ಹವಾಮಾನ ಬದಲಾವಣೆಯ ಪೆಟ್ಟು ಇಂಥ ನೆಲಕ್ಕೇ ಜೋರು. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ. ಹಾಗಾಗಿ ಮಳೆ ಬಂದಾಗ ಒಮ್ಮೆಲೇ ಜೋರಾಗಿ ಸುರಿಯುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನದೇ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳು ಹೋದವು. ಅಷ್ಟು ಆಳದ ಕುಸಿತವನ್ನು ಹುಲ್ಲಿನ ಬೇರು ತಡೆಯಲಾರದು. ಆದರೆ ಪ್ರತಿ ಮಳೆಗೂ ತೊಳೆದುಹೋಗುವ ಮೇಲ್ಮಣ್ಣನ್ನು ಹಿಡಿಯುವುದು, ತೋಟದ ಕೆರೆ-ಬಾವಿಗೆ ನೀರಿಂಗಿಸುವುದು ಅದೇ ಬೇರು.