ಎರಡನೇ ಹಾರ್ಡ್‌ಡಿಸ್ಕ್ ಬಂದ ವರ್ಷ

ಕಂಪ್ಯೂಟರ್ ಬಿಚ್ಚುವ ದಿನ ನಮ್ಮನೆ ಮಕ್ಕಳು ಯಾರೂ ಹೊಳೆ ಕಡೆ ತಲೆ ಹಾಕುತ್ತಿರಲಿಲ್ಲ. ಜಗಲಿಯ ಮೂಲೆಯಲ್ಲಿ, ಅಪ್ಪಯ್ಯನ ಲೆಕ್ಕದ ಪೆಟ್ಟಿಗೆಯ ಪಕ್ಕ, ಅಮ್ಮ ಹಳೆ ಸೀರೆಯಲ್ಲಿ ಹೊಲಿದ ಮುಸುಕು ಹೊದ್ದು ಕೂತಿರುತ್ತಿದ್ದ ಪೆಂಟಿಯಂ ತ್ರೀ ಯಂತ್ರವನ್ನು ದೊಡ್ಡಣ್ಣ ಎತ್ತಿ ತಂದು ನಡುಮನೆಯ ಚಾಪೆಯ ಮೇಲೆ ಮಲಗಿಸಿ, ಹಿಂದಿನ ತಿರುಪು ಸಡಿಲಿಸಿ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಸರಿಸಿದನೆಂದರೆ, ಸುಟ್ಟ ಧೂಳು, ಹಲ್ಲಿ ಹಿಕ್ಕೆ, ಮಳೆಗಾಲದ ಬೂಷ್ಟು ಮೂರೂ ಕೂಡಿದ ಒಂದು ವಾಸನೆ ಏಳುತ್ತಿತ್ತು. ಆ ವಾಸನೆಗೆ ಮೊದಲು ಮೂಗು ಹಿಡಿಯುತ್ತಿದ್ದವಳು ಅಕ್ಕ, ಮೊದಲು ತಲೆ ತೂರಿಸುತ್ತಿದ್ದವಳೂ ಅವಳೇ. ಒಳಗೆ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು ಸಿಕ್ಕದ ವರ್ಷವೇ ಇಲ್ಲ. ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು ಒಬ್ಬರು, ಟಾರ್ಚು ಹಿಡಿಯುವುದು ಒಬ್ಬರು, ತಿರುಪುಗಳನ್ನು ಕುಂಕುಮದ ಭರಣಿಯ ಮುಚ್ಚಳದಲ್ಲಿಟ್ಟು ಕಾಯುವುದು ಎಲ್ಲರಿಗಿಂತ ಸಣ್ಣವರು. ಅಜ್ಜಿ ಬಾಗಿಲ ದಾರಂದಕ್ಕೆ ಒರಗಿ, ಕವಳ ಅಗಿಯುತ್ತಾ, "ಚೆನ್ನಾಗಿದ್ದುದರ ಹೊಟ್ಟೆ ಬಗೆದು ಎಂಥ ನೋಡ್ತೀರ ಮಾರಾಯ್ರಾ" ಅನ್ನುತ್ತಿದ್ದಳು.

ಆ ಸಲ ಬಿಚ್ಚಿದ್ದು ಧೂಳು ಹೊಡೆಯಲಿಕ್ಕಲ್ಲ. ಇದ್ದ 10 ಜಿಬಿ ಡಿಸ್ಕ್ ತುಂಬಿಹೋಗಿತ್ತು. ಒಂದೊಂದೂ ಹೆಚ್ಚುಕಡಿಮೆ 650 ಎಂಬಿ ತಿನ್ನುವ ಯಕ್ಷಗಾನದ ವಿಸಿಡಿಗಳನ್ನು ಚಿಕ್ಕಪ್ಪ ಒಂದೊಂದಾಗಿ ತಂದು ಇಳಿಸಿದ್ದ, ಅಪ್ಪಯ್ಯನ ಸೊಸೈಟಿ ಪತ್ರಗಳೆಲ್ಲ ನುಡಿಯಲ್ಲಿ ಟೈಪಾಗಿ ಕೂತಿದ್ದವು, ಇವೆಲ್ಲಕ್ಕಿಂತ ಮಿಗಿಲಾಗಿ ಅಜ್ಜಿಯ ಹಾಡುಗಳಿದ್ದವು. ವಿಂಡೋಸ್ 98ರ ಸೌಂಡ್ ರೆಕಾರ್ಡರು ಅರವತ್ತು ಸೆಕೆಂಡಿಗೆ ತಾನಾಗಿ ನಿಲ್ಲುತ್ತಿತ್ತು. ಹಸೆ ಹಾಡೋ, ಆರತಿ ಹಾಡೋ, ಒಂದು ನಿಮಿಷಕ್ಕೆ ಕಡಿದು, ಉಳಿಸಿ, ಮತ್ತೆ ಕೆಂಪು ಗುಂಡಿ ಒತ್ತಿದರೆ ಅಜ್ಜಿ ಬಿಟ್ಟ ಸಾಲಿನ ನಡುವಿನಿಂದಲೇ, ಶ್ರುತಿ ಒಂದಿಷ್ಟೂ ಕದಲದೆ, ಎತ್ತಿಕೊಳ್ಳುತ್ತಿದ್ದಳು. ಒಳ್ಳೆಯ ಗುಣಮಟ್ಟದಲ್ಲಿ ಹಿಡಿದರೆ ನಿಮಿಷಕ್ಕೆ 10 ಎಂಬಿ. ಅಜ್ಜಿಯ ಬಾಯಲ್ಲಿದ್ದ ಹಾಡುಗಳಿಗೆ ಲೆಕ್ಕ ಎಲ್ಲಿ?

ಹೊಸ ಕಂಪ್ಯೂಟರ್ ಮಾತೇ ಇರಲಿಲ್ಲ. ಅಡಿಕೆ ಧಾರಣೆ ಮಕಾಡೆ ಬಿದ್ದಿದ್ದ ವರ್ಷಗಳು ಅವು. ಮಂಡಿಯಿಂದ ಬಂದ ಅಪ್ಪಯ್ಯ ಚೀಟಿ ನೋಡಿ ಸುಮ್ಮನೆ ಕೂರುತ್ತಿದ್ದ ಸಂಜೆಗಳನ್ನು ನಾವೆಲ್ಲ ಕಂಡವರೇ. ಹಳೆಯದಕ್ಕೇ ಇನ್ನೊಂದು ಡಿಸ್ಕ್ ಸೇರಿಸಬಹುದು ಎಂದು ದೊಡ್ಡಣ್ಣ ಹೇಳಿದಾಗ ಅಪ್ಪಯ್ಯನ ಮುಖ ಅರಳಿದ್ದು ಅದಕ್ಕೇ. ಇಂಜಿನಿಯರಿಂಗ್ ಓದುತ್ತಿದ್ದ ಅವನು ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಗಳನ್ನು ಅಲೆದು, 1999ರ ಆಚೀಚಿನ ಕೆಲವು ಬೋರ್ಡುಗಳು 32 ಜಿಬಿ ದಾಟಿದ ಡಿಸ್ಕ್ ಕಂಡರೆ ಶುರುವಾಗುವಾಗಲೇ ನಿಂತುಬಿಡುತ್ತವೆಂದು ತಿಳಿದು, ನಮ್ಮ ಬೋರ್ಡಿನ ಹೆಸರು ಬರೆದ ಚೀಟಿ ತೋರಿಸಿ ವಿಚಾರಿಸಿಯೇ 40 ಜಿಬಿಯ ಒಂದನ್ನು ಕೊಂಡ. ರಾತ್ರಿ ಬಸ್ಸಿನಲ್ಲಿ ಚೀಲವನ್ನು ಕ್ಯಾರಿಯರಿಗೆ ಹಾಕದೆ ತೊಡೆಯ ಮೇಲೇ ಇಟ್ಟುಕೊಂಡು ಬಂದನಂತೆ. ಘಾಟಿಯ ತಿರುವಿನಲ್ಲೂ ನಿದ್ದೆ ಮಾಡಲಿಲ್ಲವಂತೆ.

ಬೆಳ್ಳಿ ಬಣ್ಣದ ಚೀಲದಿಂದ ಅದನ್ನು ತೆಗೆಯುವ ಮೊದಲು ಅವನು ಕ್ಯಾಬಿನೆಟ್ಟಿನ ತಗಡು ಮುಟ್ಟಿ, ನಮಗೂ ಮುಟ್ಟಿಸಿದ. ಮೈಯಲ್ಲಿನ ವಿದ್ಯುತ್ತು ಅದರೊಳಗೆ ಇಳಿದುಹೋಗಲಿ ಎಂದು. ಹಿಂಬದಿಯ ಸೂಜಿಕಡ್ಡಿಗಳ ಮೇಲೆ ಜಂಪರ್ ಕೂರಿಸುವ ಕೆಲಸ ಅಕ್ಕನದು. ಅಕ್ಕಿಕಾಳಿಗಿಂತ ಚೂರು ದಪ್ಪನೆಯದನ್ನು ಹುಬ್ಬಿನ ಚಿಮಟದಲ್ಲಿ ಹಿಡಿದು, ಲೇಬಲ್ಲಿನ ಚಿತ್ರ ನೋಡಿ, ಹಳೆಯದನ್ನು ಮಾಸ್ಟರ್, ಹೊಸದನ್ನು ಸ್ಲೇವ್ ಮಾಡಿದಳು. ಪಟ್ಟಿ ಕೇಬಲ್ಲಿನ ನೀಲಿ ತುದಿ ಬೋರ್ಡಿಗೆ, ಕಪ್ಪು ತುದಿ ಹಳೆ ಡಿಸ್ಕಿಗೆ, ನಡುವಿನ ಬೂದು ಬಣ್ಣದ್ದು ಹೊಸದಕ್ಕೆ. ಕೆಂಪು ಗೆರೆ ಒಂದನೇ ಕಡ್ಡಿಯ ಕಡೆ. ಕರೆಂಟಿನ ನಾಲ್ಕು ವೈರಿನ ಬಿಳಿ ಪ್ಲಗ್ಗು ಮಾತ್ರ ಬಿಗಿ, ದೊಡ್ಡಣ್ಣ ಹಲ್ಲು ಕಚ್ಚಿ ಒತ್ತುವಾಗ ನಾವೂ ಹಲ್ಲು ಕಚ್ಚಿದೆವು. ಗುಂಡಿ ಅದುಮಿ, ಡಿಲೀಟ್ ಕೀಲಿ ಟಕಟಕ ಬಡಿದು ನೀಲಿ ಪರದೆಗೆ ಹೋದರೆ, ಪ್ರೈಮರಿ ಸ್ಲೇವ್ ಎಂಬಲ್ಲಿ ಹೊಸದರ ಹೆಸರು! ನಮ್ಮ ಕೂಗಿಗೆ ಕೊಟ್ಟಿಗೆಯ ದನ ಎದ್ದು ನಿಂತವು.

ಆಮೇಲಿನದು ಉಸಿರು ಬಿಗಿಹಿಡಿಯುವ ಕೆಲಸ. ಫ್ಲಾಪಿಯಿಂದ ಎಫ್‌ಡಿಸ್ಕ್ ತೆಗೆದು, ತಾನು ಮುಟ್ಟುತ್ತಿರುವುದು ಎರಡನೇ ಡಿಸ್ಕನ್ನೇ ಎಂದು ದೊಡ್ಡಣ್ಣ ಗಟ್ಟಿಯಾಗಿ ಓದಿ, ನಮ್ಮಿಂದಲೂ ಓದಿಸಿ, ಮುಂದಿನ ಕೀಲಿ ಒತ್ತುತ್ತಿದ್ದ. ಒಂದನೆಯದಕ್ಕೆ ಕೈ ಹೋದರೆ ಅಜ್ಜಿಯ ಹಾಡೆಲ್ಲ ಅಲ್ಲಿಗೇ ಮುಗಿಯಿತು. ಹೊಸದರಲ್ಲಿ ಪ್ರೈಮರಿ ಭಾಗ ಮಾಡದೆ ಎಕ್ಸ್‌ಟೆಂಡೆಡ್ ಒಂದನ್ನೇ ಮಾಡಿ ಅದರೊಳಗೆ ಪಾಲು ಹಾಕಿದ. ಪ್ರೈಮರಿ ಮಾಡಿದ್ದರೆ ಹೊಸದೇ ಡಿ ಆಗಿ, ಹಳೆಯ ಡಿ ಹಿಂದೆ ಸರಿದು, ಅಪ್ಪಯ್ಯ ಕಷ್ಟಪಟ್ಟು ಬಾಯಿಪಾಠ ಮಾಡಿಕೊಂಡ ದಾರಿಗಳೆಲ್ಲ ತಪ್ಪುತ್ತಿದ್ದವು. ಇ ಅಪ್ಪಯ್ಯನಿಗೆ, ಎಫ್ ಅಜ್ಜಿಗೂ ಯಕ್ಷಗಾನಕ್ಕೂ, ಜಿ ನಮಗೆ. ಆಸ್ತಿ ಪಾಲಾಗುವಾಗ ಇಷ್ಟು ಸಂತೋಷವಾದ ಮನೆ ನಮ್ಮ ಸೀಮೆಯಲ್ಲಿ ಇನ್ನೊಂದು ಇರಲಿಲ್ಲ ಎಂದು ಈಗಲೂ ನಂಬಿದ್ದೇನೆ.

ಫಾರ್ಮ್ಯಾಟಿನ ಶೇಕಡಾ ಲೆಕ್ಕ ಏರುತ್ತಾ ಹೋಗುವಾಗ ಹೊರಗೆ ಮಾಡಿನ ನೀರು ಧಾರೆಗಟ್ಟಿ ಸುರಿಯುತ್ತಿತ್ತು, ಸಿಡಿಲಿಗೆ ಹೆದರಿ ಫೋನಿನ ವೈರು ಮೊದಲೇ ಕಿತ್ತಿಟ್ಟಿದ್ದೆವು, ಒಂದು ಸಲ ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿದಾಗ ಅಮ್ಮ ಒಲೆ ಬಿಟ್ಟು ಬಂದು ದೇವರ ಮುಂದೆ ದೀಪ ಹಚ್ಚಿದಳು, ಬಚ್ಚಲ ಹಂಡೆಯ ಹೊಗೆ ನಡುಮನೆಗೆಲ್ಲ ತುಂಬಿತು. ಅದರ ನಡುವೆಯೇ ಹೊಸ ಡಿಸ್ಕು ಕಿರ್‌ಕಿರ್ ಎನ್ನುವುದನ್ನು ಕಿವಿಗೊಟ್ಟು ಕೇಳುತ್ತಾ ಸರದಿಯಲ್ಲಿ ಊಟ ಮಾಡಿ ಬಂದೆವು. ಎಲ್ಲ ಮುಗಿದು ಮೂರೂ ಪಾಲು ಕೂಡಿಸಿ ನೋಡಿದರೆ 37 ಜಿಬಿ ಚಿಲ್ಲರೆ. ಕಂಪನಿಯವರು ಸಾವಿರದ ಲೆಕ್ಕದಲ್ಲಿ, ಯಂತ್ರ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಹೀಗೆ ಎಂದು ದೊಡ್ಡಣ್ಣ ವಿವರಿಸಿದ. ಹಸಿ ಅಡಿಕೆ ಒಣಗಿದ ಮೇಲೆ ತೂಕ ಇಳಿದ ಹಾಗೆ ಅಂದುಕೊಂಡರಾಯಿತು ಎಂದು ಅಪ್ಪಯ್ಯ ಎದ್ದ. ಆ ವರ್ಷದ ಆಯುಧಪೂಜೆಗೆ ಕ್ಯಾಬಿನೆಟ್ಟಿಗೆ ಎರಡು ಕುಂಕುಮದ ಬೊಟ್ಟು.

ಈಗ ಜಗಲಿಯಲ್ಲಿ ಆ ಮೇಜಿಲ್ಲ. ಅಕ್ಕ ಅಮೆರಿಕದಲ್ಲಿ, ದೊಡ್ಡಣ್ಣ ಬೆಂಗಳೂರಿನಲ್ಲಿ, ದೀಪಾವಳಿಗೆ ಕೂಡಿದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು, ಅದನ್ನು ಬಿಚ್ಚುವ ಮಾತಿಲ್ಲ, ಟಾರ್ಚು ಹಿಡಿಯುವವರು ಬೇಕಿಲ್ಲ. ಪಟ್ಟಿ ಕೇಬಲ್ಲಿನ ಕಾಲ ಮುಗಿದು ಸಾಟಾ ಬಂದು ಅದೂ ಹಳತಾಯಿತು. ಒಂದು ದೀಪಾವಳಿಗೆ ದೊಡ್ಡಣ್ಣ ಯುಎಸ್‌ಬಿ ಅಡಾಪ್ಟರ್ ತಂದು ಆ 40 ಜಿಬಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿದ. ತಿರುಗಿತು. ನುಡಿಯಲ್ಲಿದ್ದ ಅಪ್ಪಯ್ಯನ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡವು, ಯೂನಿಕೋಡಿಗೆ ತಿರುಗಿಸಿದ ಮೇಲೆ ಕನ್ನಡವಾದವು. ಅಜ್ಜಿಯ ಹಾಡುಗಳಿಗೆ ಏನೂ ಆಗಿರಲಿಲ್ಲ. ನಿಮಿಷ ನಿಮಿಷದ ತುಂಡುಗಳನ್ನೆಲ್ಲ ಬೆಸೆದು, ನಡುವಿನದನ್ನು ಕತ್ತರಿಸಿ, ಇಡೀ ಹಾಡು ಮಾಡಿಕೊಡುತ್ತೇನೆ ಎಂದು ಅಕ್ಕ ಹೇಳಿದಳು. ನಾವು ಯಾರೂ ಒಪ್ಪಲಿಲ್ಲ. ತುಂಡಿನ ಕೊನೆಗೆಲ್ಲ ಅಜ್ಜಿ ಹಾಡು ನಿಲ್ಲಿಸಿ, "ಹಿಡ್ಕಂಡ್ತನಾ ಅದು?" ಎಂದು ಕೇಳುತ್ತಾಳೆ, ನಾವೆಲ್ಲ ಒಟ್ಟಿಗೆ "ಹೂಂ ಅಜ್ಜೀ" ಎಂದು ಕೂಗುತ್ತೇವೆ.